ಸಾಲ ಮಾಡಿ ಲೆನ್ಸ್ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಹವ್ಯಾಸಿ ಛಾಯಾಗ್ರಹಣ ಕುರಿತ ಬರಹವನ್ನು ಆಸಕ್ತಿಯಿಂದ ಓದಿದೆ. ಬೆಳಕು ಮತ್ತು ಚೌಕಟ್ಟಿನ ಬಗ್ಗೆ ಅಲ್ಲಿದ್ದ ಮಾತುಗಳು ಹೊಸಬರಿಗೆ ನಿಜಕ್ಕೂ ಉಪಯೋಗಕ್ಕೆ ಬರುವಂಥವು. ಆದರೆ ಬರಹದ ಕೊನೆಯಲ್ಲಿ ಹೊಂದಿಸಿಕೊಳ್ಳಬೇಕಾದ ಸಲಕರಣೆಗಳೆಂದು ಕೊಟ್ಟಿದ್ದ ಲೆನ್ಸುಗಳ ಬೆಲೆಯನ್ನು ಕೂಡಿಸಿ ನೋಡಿದರೆ ಅದು ಲಕ್ಷಗಳಲ್ಲಿ ನಿಲ್ಲುತ್ತದೆ. ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗನೋ, ತಿಂಗಳ ಸಂಬಳದಲ್ಲಿ ಮನೆ ನಡೆಸುವ ಶಿಕ್ಷಕಿಯೋ ಆ ಪಟ್ಟಿಯನ್ನು ಓದಿದರೆ, ಈ ಹವ್ಯಾಸ ತಮಗಲ್ಲವೆಂದು ಕೈಬಿಡಬೇಕು, ಇಲ್ಲವೇ ಕಂತಿನ ಸಾಲಕ್ಕೆ ಸಹಿ ಹಾಕಬೇಕು. ಇವೆರಡೂ ಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಹಳ ಕಾಲದಿಂದ ಈ ಹವ್ಯಾಸದಲ್ಲಿರುವ, ಊರಿನ ಕಿರಿಯರು ಲೆನ್ಸ್ ಕೊಳ್ಳುವಾಗ ಜೊತೆಯಲ್ಲಿ ಹೋಗಿ ನೋಡಿ ಬರುವ ಅಭ್ಯಾಸವಿರುವ ಓದುಗನಾಗಿ ಕೆಲವು ವಿಚಾರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಮೆರಾದ ಜೊತೆಗೆ ಬರುವ 18-55 ಮಿ.ಮೀ. ಕಿಟ್ ಲೆನ್ಸನ್ನು ಕೀಳಾಗಿ ಕಾಣುವ ಮಾತು ಎಲ್ಲೆಡೆ ಕೇಳಿಬರುತ್ತದೆ. (ಈ ಮಿ.ಮೀ. ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ನೋಟದ ಅಗಲ ಕುಗ್ಗುತ್ತದೆ.) ಹಗಲಿನ ಬೆಳಕಿನಲ್ಲಿ, ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು), ಎಫ್ 8ರ ಸುತ್ತಮುತ್ತ ಇಟ್ಟು ತೆಗೆದ ಚಿತ್ರವನ್ನು ಸಾಮಾನ್ಯ ಅಳತೆಗೆ ಮುದ್ರಿಸಿದರೆ, ಅದು ಕಿಟ್ ಲೆನ್ಸಿನದೋ ಅದರ ಹತ್ತು ಪಟ್ಟು ಬೆಲೆಯ ಲೆನ್ಸಿನದೋ ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ಆ ಲೆನ್ಸಿನ ಮಿತಿ ಇರುವುದು ಬೇರೆ ಕಡೆ: ಕತ್ತಲಲ್ಲಿ ಅದಕ್ಕೆ ಬೆಳಕು ಸಾಲದು, ದೂರದ್ದು ಎಟುಕದು, ತೀರ ಹತ್ತಿರದ ಸಣ್ಣ ವಸ್ತು ಸಾಕಷ್ಟು ದೊಡ್ಡದಾಗಿ ಕಾಣದು. ಈ ಮೂರರಲ್ಲಿ ತನಗೆ ಅಡ್ಡಿಯಾಗುತ್ತಿರುವುದು ಯಾವುದು ಎಂಬುದನ್ನು ಕಂಡುಕೊಂಡ ಮೇಲೆಯೇ ಎರಡನೆಯ ಲೆನ್ಸಿನ ಮಾತು ಬರಬೇಕು.

ಅದನ್ನು ಕಂಡುಕೊಳ್ಳಲು ಅಂಗಡಿಗೆ ಹೋಗಬೇಕಿಲ್ಲ, ಯಾರ ಸಲಹೆಯೂ ಬೇಕಿಲ್ಲ. ಕ್ಯಾಮೆರಾದಲ್ಲಿ ತೆಗೆದ ಪ್ರತಿ ಚಿತ್ರದ ಕಡತದೊಳಗೂ ಅದು ಎಷ್ಟು ಮಿ.ಮೀ.ನಲ್ಲಿ, ಯಾವ ಅಪರ್ಚರಿನಲ್ಲಿ, ಎಷ್ಟು ಷಟರ್ ವೇಗದಲ್ಲಿ (ಬೆಳಕು ಒಳಗೆ ಬಂದ ಸಮಯ), ಯಾವ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಮಟ್ಟ) ತೆಗೆದದ್ದೆಂಬ ವಿವರ ದಾಖಲಾಗಿರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರದ ಪ್ರಾಪರ್ಟೀಸ್ ತೆರೆದರೆ ಅದು ಕಾಣುತ್ತದೆ. ಕಳೆದ ವರ್ಷ ತೆಗೆದ ಚಿತ್ರಗಳಲ್ಲಿ ತಾನು ಉಳಿಸಿಕೊಂಡ, ತನಗೆ ಇಷ್ಟವಾದ ಚಿತ್ರಗಳನ್ನಷ್ಟೇ ತೆರೆದು ಈ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಹೆಚ್ಚಿನವು 55 ಮಿ.ಮೀ.ಗೇ ಬಂದು ನಿಂತಿದ್ದರೆ ಆತನ ಕಣ್ಣು ದೂರದ್ದನ್ನು ಹುಡುಕುತ್ತಿದೆ ಎಂದರ್ಥ. 18ರಲ್ಲೇ ನಿಂತಿದ್ದರೆ ಬೇಕಿರುವುದು ಹೆಚ್ಚು ಅಗಲದ ನೋಟ ಕೊಡುವ ವೈಡ್ ಲೆನ್ಸ್. ಐಎಸ್‌ಒ ಮೇಲೇರಿ ಷಟರ್ ವೇಗ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕೆ ಇಳಿದ ಚಿತ್ರಗಳೇ ತುಂಬಿದ್ದರೆ ಕೊರತೆ ಬೆಳಕಿನದು. ಬೇರೆಯವರು ಮಾಡಿದ ಪಟ್ಟಿಗಿಂತ ಈ ಒಂದು ಹಾಳೆ ಎಷ್ಟೋ ಹೆಚ್ಚು ನಂಬಿಕೆಗೆ ಅರ್ಹ.

ಬೆಳಕಿನ ಕೊರತೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಸಿಗುವ ಪರಿಹಾರ ಎಲ್ಲಕ್ಕಿಂತ ಅಗ್ಗದ್ದು. ನಮ್ಮ ಕಡೆ ಕಿರಿಯರು ಹೆಚ್ಚಾಗಿ ಕ್ಯಾಮೆರಾ ಹೊತ್ತು ಹೋಗುವುದು ಯಕ್ಷಗಾನಕ್ಕೆ. ರಂಗಸ್ಥಳದ ಬೆಳಕು ಕಣ್ಣಿಗೆ ಎಷ್ಟೇ ಪ್ರಖರವಾಗಿ ಕಂಡರೂ ಕ್ಯಾಮೆರಾಕ್ಕೆ ಅದು ಕಡಿಮೆಯೇ. ಕಿಟ್ ಲೆನ್ಸನ್ನು 55 ಮಿ.ಮೀ.ಗೆ ಎಳೆದಾಗ ಅದರ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದೇ ಜಾಗದಲ್ಲಿ 50 ಮಿ.ಮೀ. ಎಫ್ 1.8 ಪ್ರೈಮ್ ಲೆನ್ಸನ್ನು (ಜೂಮ್ ಆಗದ, ಒಂದೇ ಮಿ.ಮೀ.ನ ಲೆನ್ಸ್) ಪೂರ್ತಿ ತೆರೆದರೆ ಒಳಗೆ ಬರುವ ಬೆಳಕು ಸುಮಾರು ಹತ್ತು ಪಟ್ಟು. ಅಂದರೆ, ಕಿಟ್ ಲೆನ್ಸಿನಲ್ಲಿ ಸೆಕೆಂಡಿನ ಮೂವತ್ತನೇ ಒಂದು ಭಾಗ ತೆರೆದಿರಬೇಕಾಗಿದ್ದ ಷಟರ್, ಐಎಸ್‌ಒ ಬದಲಿಸದೆಯೇ, ಮುನ್ನೂರನೇ ಒಂದು ಭಾಗಕ್ಕೆ ಹತ್ತಿರವಾಗುತ್ತದೆ. ಮೊದಲನೆಯದರಲ್ಲಿ ವೇಷಧಾರಿ ಗಿರಕಿ ಹೊಡೆಯುವಾಗ ಕೇದಗೆ ಮುಂದಲೆ ಎಂಬ ತಲೆಯುಡುಗೆ ಬಣ್ಣದ ಗೆರೆಯಾಗಿ ಅಳಿಸಿಹೋಗುತ್ತದೆ. ಎರಡನೆಯದರಲ್ಲಿ ರಾಕ್ಷಸ ವೇಷದ ಮುಖದ ಮೇಲಿನ ಚಿಟ್ಟಿ ಎಂಬ ಬಿಳಿ ಚುಕ್ಕಿಗಳನ್ನೂ ಎಣಿಸಬಹುದು. ಇಷ್ಟು ವ್ಯತ್ಯಾಸ ತರುವ ಲೆನ್ಸ್ ಹೊಸದಾಗಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಕ್ಯಾನನ್‌ನ 2015ರ 50 ಮಿ.ಮೀ. ಎಫ್ 1.8 ಎಸ್‌ಟಿಎಂ ಇದಕ್ಕೆ ಒಳ್ಳೆಯ ಉದಾಹರಣೆ. ಬಳಸಿದ್ದಾದರೆ ಬೆಲೆ ಇನ್ನೂ ಇಳಿಯುತ್ತದೆ. ಪೂರ್ತಿ ತೆರೆದಾಗ ಸ್ಪಷ್ಟವಾಗಿ ಕಾಣುವ ಆಳ ತೀರಾ ಕಡಿಮೆ, ಹತ್ತಿರದಿಂದ ತೆಗೆದರೆ ಕಣ್ಣು ಸ್ಪಷ್ಟವಾಗಿ ಕಿವಿ ಮಸುಕಾಗುತ್ತದೆ ಎಂಬುದು ನಿಜ. ಬೆಳಕು ಅನುಮತಿಸಿದ ಕಡೆ ಅಪರ್ಚರನ್ನು ಎಫ್ 2.8ಕ್ಕೆ ಕಿರಿದಾಗಿಸಿಕೊಂಡರೆ ಆ ತೊಂದರೆ ಬಹಳಷ್ಟು ತಗ್ಗುತ್ತದೆ, ಚಿತ್ರದ ಸ್ಪಷ್ಟತೆಯೂ ಹೆಚ್ಚುತ್ತದೆ.

ಸಾಮಾನ್ಯ ಹವ್ಯಾಸಿಯ ಕ್ಯಾಮೆರಾದಲ್ಲಿ ಚಿತ್ರ ಗ್ರಹಿಸುವ ಸೆನ್ಸರ್ ಹಳೆಯ ಫಿಲ್ಮಿನ ಚೌಕಟ್ಟಿನಷ್ಟು ಪೂರ್ಣ ಗಾತ್ರದ್ದಲ್ಲ. ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕಾದ್ದರಿಂದ 50 ಮಿ.ಮೀ. ಲೆನ್ಸಿನ ನೋಟ ಅವುಗಳಲ್ಲಿ 75 ಅಥವಾ 80 ಮಿ.ಮೀ.ನಷ್ಟು ಇಕ್ಕಟ್ಟಾಗುತ್ತದೆ. ಒಬ್ಬರ ಭಾವಚಿತ್ರಕ್ಕೆ ಇದು ಹೇಳಿ ಮಾಡಿಸಿದಂತಿದೆ, ಆದರೆ ಮನೆಯೊಳಗೆ ತೊಟ್ಟಿಲ ಶಾಸ್ತ್ರಕ್ಕೆ ಸೇರಿದ ನೆಂಟರೆಲ್ಲರನ್ನೂ ಹಿಡಿಯಲು ಬೆನ್ನಿಗೆ ಗೋಡೆ ತಾಗುತ್ತದೆ. ಮನೆ, ಬೀದಿ, ಸಂತೆಗಳ ಚಿತ್ರ ತೆಗೆಯುವವರು ನಿಕಾನ್‌ನ 35 ಮಿ.ಮೀ. ಎಫ್ 1.8 ಡಿಎಕ್ಸ್ ಲೆನ್ಸನ್ನೋ, ಕ್ಯಾನನ್‌ನ ತೆಳ್ಳನೆಯ 24 ಮಿ.ಮೀ. ಎಫ್ 2.8 ಲೆನ್ಸನ್ನೋ ನೋಡುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ನಿಕಾನ್‌ನ 50 ಮಿ.ಮೀ. ಎಫ್ 1.8 ಲೆನ್ಸ್ ಡಿ ಮತ್ತು ಜಿ ಎಂಬ ಎರಡು ಬಗೆಗಳಲ್ಲಿದೆ. ಡಿ ಲೆನ್ಸಿನೊಳಗೆ ಫೋಕಸ್ ಮಾಡುವ ಮೋಟಾರಿಲ್ಲ. ಅದಕ್ಕೆ ಕ್ಯಾಮೆರಾ ಬಾಡಿಯೊಳಗಿನ ಮೋಟಾರೇ ಆಧಾರ. ನಮ್ಮಲ್ಲಿ ಅತಿ ಹೆಚ್ಚು ಕೈಗಳಲ್ಲಿರುವ ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಆ ಮೋಟಾರ್ ಇಲ್ಲದಿರುವುದರಿಂದ ಡಿ ಲೆನ್ಸನ್ನು ಅವುಗಳಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಡಿ7000 ಸರಣಿಯಲ್ಲಿ ಮೋಟಾರ್ ಇದೆ. ಇದಕ್ಕೆ ಹೋಲುವ ಇನ್ನೊಂದು ತೊಡಕು ಎಎಫ್-ಪಿ ಎಂಬ ಹೊಸ ಬಗೆಯ ಲೆನ್ಸುಗಳದು. ಡಿ90, ಡಿ3000ದಂತಹ ಹಳೆಯ ಬಾಡಿಗಳಲ್ಲಿ ಅವು ಫೋಕಸ್ ಆಗುವುದೇ ಇಲ್ಲ. ಲೆನ್ಸಿನ ಮೇಲೆ ಅಚ್ಚಾಗಿರುವ ಒಂದೊಂದು ಅಕ್ಷರವನ್ನೂ ಓದಿ, ತನ್ನ ಕ್ಯಾಮೆರಾಕ್ಕೆ ತೊಡಿಸಿ, ಫೋಕಸ್ ಮಾಡಿ ನೋಡದೆ ಹಣ ಕೊಡಬಾರದು.

ದೂರದ್ದು ಎಟುಕಬೇಕೆನ್ನುವವರ ಸಂಖ್ಯೆಯೇ ದೊಡ್ಡದು, ಹೆಚ್ಚು ಹಣ ಸುರಿಯುವುದೂ ಅವರೇ. ಹಕ್ಕಿಯ ಚಿತ್ರವೆಂದರೆ 150-600 ಮಿ.ಮೀ. ಇಲ್ಲದೆ ಆಗದು ಎಂಬ ನಂಬಿಕೆ ಬೇರೂರಿದೆ. ಆ ಲೆನ್ಸುಗಳು ಒಳ್ಳೆಯವೇ, ಆದರೆ ಲಕ್ಷದ ಸಮೀಪದ ಬೆಲೆಯ, ಎರಡು ಕಿಲೋ ಆಸುಪಾಸಿನ ಆ ಭಾರವನ್ನು ಹೊತ್ತು ವರ್ಷದಲ್ಲಿ ಎಷ್ಟು ಸಲ ಹೊರಡುತ್ತೇವೆ ಎಂಬ ಪ್ರಶ್ನೆಯನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ನಮ್ಮ ರಾಜ್ಯದ ಅದೃಷ್ಟವೆಂದರೆ ಇಲ್ಲಿ ಹಕ್ಕಿಗಳು ಮನುಷ್ಯರಿಗೆ ಹತ್ತಿರದಲ್ಲಿ ಗೂಡು ಕಟ್ಟುವ ತಾಣಗಳು ಹಲವಿವೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಸಂಸಾರ ಹೂಡುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಮರಿ ಮಾಡುತ್ತವೆ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯೇ ನಮ್ಮನ್ನು ಹಕ್ಕಿಗಳ ಬಳಿಗೆ ಕರೆದೊಯ್ಯುತ್ತದೆ. ಇಲ್ಲೆಲ್ಲ 55-250 ಅಥವಾ 70-300 ಮಿ.ಮೀ. ಜೂಮ್ ಧಾರಾಳವಾಗಿ ಸಾಕು. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 300 ಮಿ.ಮೀ. ಎಂದರೆ 450ರ ನೋಟ.

ಈ ಅಗ್ಗದ ಜೂಮುಗಳಲ್ಲಿಯೂ ಆರಿಸಿಕೊಳ್ಳಬೇಕು. ಕ್ಯಾನನ್‌ನ 75-300ಕ್ಕೆ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲ, 300ರ ತುದಿಯಲ್ಲಿ ಚಿತ್ರ ಮೆತ್ತಗಾಗುತ್ತದೆ. ಅದಕ್ಕಿಂತ 2013ರ 55-250 ಎಸ್‌ಟಿಎಂ ಈ ಎರಡು ವಿಷಯಗಳಲ್ಲೂ ಮೇಲು. ನಿಕಾನ್‌ನ 70-300 ಡಿಎಕ್ಸ್ ಎಎಫ್-ಪಿ ಲೆನ್ಸು ವಿಆರ್ (ಕೈನಡುಕ ಸರಿದೂಗಿಸುವ ಅದೇ ವ್ಯವಸ್ಥೆ) ಇರುವುದು, ಇಲ್ಲದಿರುವುದು ಎಂದು ಎರಡು ಬಗೆಯಾಗಿ ಬಂದಿದೆ. ವಿಆರ್ ಇರುವುದನ್ನೇ ಕೇಳಿ ಪಡೆಯಬೇಕು. ಆ ವ್ಯವಸ್ಥೆ ನಿಲ್ಲಿಸುವುದು ನಮ್ಮ ಕೈಯ ನಡುಕವನ್ನು ಮಾತ್ರ, ಹಕ್ಕಿಯ ರೆಕ್ಕೆಯನ್ನಲ್ಲ ಎಂಬುದನ್ನೂ ತಿಳಿದಿರಬೇಕು. ಮಂಡಗದ್ದೆಯ ಹಕ್ಕಿಗಳು ಗೂಡಿನಲ್ಲಿರುವ ಕಾಲವೇ ಮಲೆನಾಡಿನಲ್ಲಿ ಮೋಡ ಮುಸುಕಿರುವ ಕಾಲ. ಹಾರುವ ಬೆಳ್ಳಕ್ಕಿಗೆ ಸೆಕೆಂಡಿನ ಸಾವಿರನೇ ಒಂದು ಭಾಗದ ಆಸುಪಾಸು ಬೇಕು, ಎಫ್ 6.3ರಲ್ಲಿ ಅದಕ್ಕಾಗಿ ಐಎಸ್‌ಒ ಏರಿಸಲೇಬೇಕು, ಆಗ ಚಿತ್ರ ತರಿತರಿಯಾಗುತ್ತದೆ. ಲಕ್ಷದ ಬೆಲೆಯ 150-600 ಲೆನ್ಸೂ 600ರಲ್ಲಿ ಎಫ್ 6.3ರದ್ದೇ ಆದ್ದರಿಂದ, ಈ ವಿಷಯದಲ್ಲಿ ಅದರಿಂದಲೂ ಉಪಕಾರವಿಲ್ಲ. ಮೋಡ ಸರಿಯುವವರೆಗೆ ಕಾಯುವುದು ಇಬ್ಬರಿಗೂ ಇರುವ ಒಂದೇ ದಾರಿ.

ಲೆನ್ಸ್ ಗಿಡ್ಡವಾಯಿತೆಂದು ಗೂಡಿನ ಬುಡಕ್ಕೆ ನುಗ್ಗುವುದು, ಕೊಂಬೆ ಬಗ್ಗಿಸುವುದು, ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುವುದು ಈಚೆಗೆ ಹೆಚ್ಚುತ್ತಿದೆ. ಕಡಿಮೆ ಬಜೆಟ್ಟಿನ ಹವ್ಯಾಸಿಗೆ ಇದು ನೆಪವಾಗಕೂಡದು. ಎಟುಕದ ಹಕ್ಕಿಯನ್ನು ಅದು ಕೂತ ಮರ, ಮರದ ಹಿಂದಿನ ನೀರು ಇವುಗಳೊಡನೆ ಸೇರಿಸಿ ಚಿತ್ರಿಸಬಹುದು; ಅಂಥ ಚಿತ್ರದಲ್ಲಿ ಹಕ್ಕಿಯ ಬದುಕು ಕಾಣುತ್ತದೆ. ವರ್ಷಕ್ಕೊಮ್ಮೆ ಕಬಿನಿಗೋ ಬಂಡೀಪುರಕ್ಕೋ ಹೋಗುವವರು ಆ ಎರಡು ದಿನದ ಮಟ್ಟಿಗೆ ಉದ್ದದ ಲೆನ್ಸನ್ನು ಬಾಡಿಗೆಗೆ ತರಬಹುದು. ಬೆಂಗಳೂರಿನಲ್ಲಿ ಠೇವಣಿ ಪಡೆದು ದಿನದ ಲೆಕ್ಕದಲ್ಲಿ ಲೆನ್ಸ್ ಕೊಡುವವರಿದ್ದಾರೆ. ಕೊಳ್ಳಬೇಕೆಂದಿರುವ ಲೆನ್ಸನ್ನೇ ಮೊದಲು ಬಾಡಿಗೆಗೆ ತಂದು ಬಳಸಿ ನೋಡುವುದು ಇನ್ನೂ ಒಳ್ಳೆಯದು.

ಹತ್ತಿರದ ಸಣ್ಣ ಲೋಕದ ಆಸಕ್ತಿಯುಳ್ಳವರಿಗೆ ಮ್ಯಾಕ್ರೊ ಲೆನ್ಸಿಗೆ ಬದಲಾಗಿ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಸಾಧನವಿದೆ. ಇದು ಗಾಜಿಲ್ಲದ ಬರಿಯ ಉಂಗುರ. ಬಾಡಿಗೂ ಲೆನ್ಸಿಗೂ ನಡುವೆ ಸೇರಿಸಿದರೆ ಲೆನ್ಸ್ ಸೆನ್ಸರಿನಿಂದ ದೂರ ಸರಿದು ವಸ್ತುವಿನ ಬಿಂಬ ದೊಡ್ಡದಾಗುತ್ತದೆ. 50 ಮಿ.ಮೀ. ಪ್ರೈಮ್ ಲೆನ್ಸಿನ ಹಿಂದೆ 36 ಮಿ.ಮೀ. ಟ್ಯೂಬ್ ಸೇರಿಸಿದರೆ ಸೆನ್ಸರಿನ ಮೇಲೆ ಬಿಂಬದ ಅಳತೆ ವಸ್ತುವಿನ ನಿಜ ಗಾತ್ರದ ಮುಕ್ಕಾಲು ಪಾಲಿಗೆ ಹತ್ತಿರವಾಗುತ್ತದೆ. ಮಳೆ ಬಿದ್ದ ಮರುದಿನ ಹಿತ್ತಿಲಿನ ಕೆಸುವಿನ ಎಲೆಯ ಅಡಿಯಲ್ಲಿ ಕೂತ ಬೆರಳುಗುರಿನಷ್ಟಿರುವ ಕಪ್ಪೆಯ ಕಣ್ಣಿನ ಪಾಪೆ ಅಡ್ಡಗೆರೆಯಂತಿದೆ ಎಂಬುದು ಇಷ್ಟು ಸಾಧನದಿಂದಲೇ ತಿಳಿಯುತ್ತದೆ. ವಿದ್ಯುತ್ ಸಂಪರ್ಕದ ಬಿಂದುಗಳಿರುವ ಟ್ಯೂಬನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಅಪರ್ಚರ್ ಬದಲಿಸಲು ಬಾರದು.

ಈಗ ಬಳಸಿದ ಲೆನ್ಸುಗಳ ವಿಷಯ. ನಿಕಾನ್ ಮತ್ತು ಕ್ಯಾನನ್ ಎರಡೂ 2018ರಲ್ಲಿ ಹೊಸ ಮೌಂಟಿನ (ಲೆನ್ಸ್ ಕೂರುವ ಜಾಗ), ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳನ್ನು ತಂದ ನಂತರ ವೃತ್ತಿನಿರತರು ಕನ್ನಡಿಯಿರುವ ತಮ್ಮ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸುಗಳನ್ನು ಮಾರುತ್ತಿದ್ದಾರೆ. ಡಿಎಸ್‌ಎಲ್‌ಆರ್ ಕಾಲ ಮುಗಿಯಿತೆಂಬ ಮಾತು ಕೇಳಿ ಹವ್ಯಾಸಿಗಳು ಗಾಬರಿಯಾಗಬೇಕಿಲ್ಲ. ಒಳ್ಳೆಯ ಗಾಜು ಕಡಿಮೆ ಬೆಲೆಗೆ ಕೈಗೆ ಬರುವ ಕಾಲ ಇದೇ. ಕ್ಯಾನನ್‌ನ ಇಎಫ್ ಎಂಬ ಡಿಎಸ್‌ಎಲ್‌ಆರ್ ಲೆನ್ಸುಗಳು ಅಡಾಪ್ಟರ್ ಎಂಬ ಜೋಡಣೆಯ ಉಂಗುರದ ಮೂಲಕ ಅದರ ಹೊಸ ಬಾಡಿಗಳಲ್ಲಿಯೂ ಆಟೊ ಫೋಕಸ್ ಸಹಿತ ಚೆನ್ನಾಗಿ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ ಒಳಮೋಟಾರಿರುವ ಲೆನ್ಸುಗಳಿಗೆ ಮಾತ್ರ ಆ ಅನುಕೂಲ.

ಕೆಲವರ ಮನೆಗಳಲ್ಲಿ, ಹಳೆಯ ಸ್ಟುಡಿಯೋಗಳ ಬೀರುಗಳಲ್ಲಿ ಫಿಲ್ಮ್ ಕಾಲದ ಲೆನ್ಸುಗಳು ಇನ್ನೂ ಇವೆ. ಸೋವಿಯತ್ ಒಕ್ಕೂಟದ ಜೆನಿಟ್ ಕ್ಯಾಮೆರಾದೊಡನೆ ಬರುತ್ತಿದ್ದ ಹೇಲಿಯೋಸ್ 58 ಮಿ.ಮೀ. ಎಫ್ 2 ಲೆನ್ಸ್ ಅವುಗಳಲ್ಲಿ ಹೆಸರಾದದ್ದು. ತಿರುಪಿನ ಎಂ42 ಮೌಂಟಿನ ಈ ಲೆನ್ಸನ್ನು ಅಗ್ಗದ ಉಂಗುರದ ಸಹಾಯದಿಂದ ಕ್ಯಾನನ್ ಡಿಎಸ್‌ಎಲ್‌ಆರ್‌ಗೂ ಎಲ್ಲ ಮಿರರ್‌ಲೆಸ್ ಬಾಡಿಗಳಿಗೂ ತೊಡಿಸಬಹುದು. ನಿಕಾನ್ ಡಿಎಸ್‌ಎಲ್‌ಆರ್‌ಗೆ ತೊಡಿಸಿದರೆ ದೂರದ ವಸ್ತು ಫೋಕಸ್ ಆಗುವುದಿಲ್ಲ, ಏಕೆಂದರೆ ಎಂ42 ಲೆನ್ಸ್ ಸೆನ್ಸರಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕು, ನಿಕಾನ್‌ನ ಮೌಂಟೇ 46.5 ಮಿ.ಮೀ. ದೂರದಲ್ಲಿದೆ. ಒಂದು ಮಿಲಿಮೀಟರಿನ ಈ ಅಂತರ ಗೊತ್ತಿಲ್ಲದೆ ಹಣ ಕೊಡುವವರು ಹಲವರಿದ್ದಾರೆ. ಇಂಥ ಲೆನ್ಸುಗಳಲ್ಲಿ ಫೋಕಸ್, ಅಪರ್ಚರ್ ಎರಡನ್ನೂ ಕೈಯಿಂದಲೇ ತಿರುಗಿಸಬೇಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದು ನಾನು ನಂಬಿದ್ದೇನೆ.

ಬಳಸಿದ ಲೆನ್ಸನ್ನು ಪರೀಕ್ಷಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಪರ್ಚರನ್ನು ಪೂರ್ತಿ ತೆರೆದು, ಲೆನ್ಸಿನ ಒಂದು ಬದಿಯಿಂದ ಸಣ್ಣ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯ ಎಳೆಗಳಂತೆ ಕವಲೊಡೆದದ್ದು ಕಂಡರೆ ಅದು ಫಂಗಸ್. ನಾಲ್ಕಾರು ದೂಳಿನ ಕಣಗಳಿಂದ ತೊಂದರೆಯಿಲ್ಲ. ಮುಂದಿನ ಗಾಜಿನ ಸಣ್ಣ ಗೀರು ಚಿತ್ರದಲ್ಲಿ ಕಾಣುವುದು ಅಪರೂಪ, ಹಿಂದಿನ ಗಾಜಿನ ಗೀರು ಹಾಗಲ್ಲ. ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಹೊಳಪಿರಬಾರದು. ಆಮೇಲೆ ತಮ್ಮ ಪತ್ರಿಕೆಯದೇ ಒಂದು ಪೂರ್ಣ ಪುಟವನ್ನು ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಪುಟಕ್ಕೆ ನೇರವಾಗಿ ನಿಲ್ಲಿಸಿ, ಪುಟ ಚೌಕಟ್ಟನ್ನು ತುಂಬುವಂತೆ ಒಂದು ಚಿತ್ರ ತೆಗೆಯಬೇಕು. ಅದನ್ನು ಹಿಗ್ಗಿಸಿ ನಾಲ್ಕು ಮೂಲೆಗಳ ಅಕ್ಷರಗಳನ್ನು ಓದಬೇಕು. ಪೂರ್ತಿ ತೆರೆದಾಗ ನಾಲ್ಕೂ ಮೂಲೆಗಳು ಸ್ವಲ್ಪ ಮಸುಕಾಗುವುದು ಸಹಜ. ಆದರೆ ಮೂರು ಮೂಲೆಗಳಲ್ಲಿ ಒತ್ತಕ್ಷರವೂ ಗುಣಿತದ ಕೊಂಬೂ ಬಿಡಿಬಿಡಿಯಾಗಿ ಕಂಡು, ಒಂದರಲ್ಲಿ ಮಾತ್ರ ಕಲಸಿಕೊಂಡಿದ್ದರೆ ಲೆನ್ಸ್ ಎಂದೋ ಕೆಳಗೆ ಬಿದ್ದು ಒಳಗಿನ ಗಾಜು ಓರೆಯಾಗಿರುವ ಸಂಭವ ಹೆಚ್ಚು. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡವೆನ್ನಬೇಕು. ಕೊನೆಗೆ ಬಿಲ್ಲಿನಲ್ಲಿರುವ ಕ್ರಮಸಂಖ್ಯೆಯನ್ನು ಲೆನ್ಸಿನ ಮೇಲಿನದರೊಡನೆ ತಾಳೆ ನೋಡಬೇಕು. ಬಿಲ್ಲಿಲ್ಲದ ಲೆನ್ಸ್ ಕದ್ದದ್ದಾಗಿರಬಹುದು. ಹೊಸ ಲೆನ್ಸನ್ನೂ ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುವವರಿದ್ದಾರೆ, ಆದರೆ ಅದಕ್ಕೆ ಭಾರತದಲ್ಲಿ ಕಂಪನಿಯ ವಾರಂಟಿ ಸಿಗದು.

ಫಂಗಸ್ ಕುರಿತು ನಮ್ಮ ಮಲೆನಾಡು, ಕರಾವಳಿಯವರು ಇನ್ನಷ್ಟು ಜಾಗರೂಕರಾಗಿರಬೇಕು. ಇಲ್ಲಿನ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಫಂಗಸ್ ಬೇರೂರಿ ಗಾಜಿನ ಮೇಲಿನ ಲೇಪವನ್ನು ಕೊರೆದರೆ, ಬಿಚ್ಚಿ ಒರೆಸಿದರೂ ಗುರುತು ಉಳಿಯುತ್ತದೆ. ಲೆನ್ಸಿನೊಡನೆ ಬಂದ ಚರ್ಮದ ಚೀಲ ತೇವ ಹೀರುವುದರಿಂದ ಅದರಲ್ಲಿ ಇಡಬಾರದು. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಮಾಪಕ, ಇಷ್ಟಕ್ಕೆ ಸಾವಿರ ರೂಪಾಯಿಯೂ ಬೇಡ. ಮಾಪಕ ಶೇ 40ರಿಂದ 50ರ ನಡುವೆ ಇರಲಿ. ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅದನ್ನು ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಮುಖ್ಯವಾಗಿ, ಲೆನ್ಸನ್ನು ತಿಂಗಳುಗಟ್ಟಲೆ ಮುಚ್ಚಿಡದೆ ಆಗಾಗ ಹೊರಗೆ ತೆಗೆದು ಬಳಸಬೇಕು.

ಅಂಗಡಿಯಲ್ಲಿ ಲೆನ್ಸಿನೊಡನೆ ಅಂಟಿಸಿ ಕೊಡುವ ಅಗ್ಗದ ಯುವಿ ಫಿಲ್ಟರಿನ (ಲೆನ್ಸಿನ ಮುಂದೆ ತೊಡಿಸುವ ಗಾಜು) ಬಗ್ಗೆ ಒಂದು ಮಾತು. ದೀಪೋತ್ಸವದಂಥ ಕಡೆ ಪ್ರತಿ ದೀಪಕ್ಕೂ ಒಂದು ಸುಳ್ಳು ಪ್ರತಿಬಿಂಬ ಮೂಡಿಸುವುದು ಆ ಫಿಲ್ಟರೇ. ಆ ಹಣಕ್ಕೆ ಲೆನ್ಸ್ ಹುಡ್ (ಲೆನ್ಸಿನ ಮುಂದೆ ತೊಡಿಸುವ ನೆರಳಿನ ಕೊಳವೆ) ಕೊಂಡರೆ ಬೆಳಕಿನ ತೊಂದರೆಯೂ ತಪ್ಪುತ್ತದೆ, ಲೆನ್ಸಿಗೆ ಪೆಟ್ಟು ಬೀಳುವುದೂ ತಪ್ಪುತ್ತದೆ.

ಕೊನೆಯದಾಗಿ ಎರಡು ಕೋರಿಕೆಗಳಿವೆ. ಬೆಂಗಳೂರಿನಲ್ಲಿ 1971ರಿಂದ ನಡೆದುಬಂದಿರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಸಂಘಗಳು ಹವ್ಯಾಸಿಗಳನ್ನು ಒಂದೆಡೆ ಸೇರಿಸಿವೆ. ಜಿಲ್ಲಾ ಕೇಂದ್ರಗಳಲ್ಲಿರುವ ಛಾಯಾಗ್ರಾಹಕರ ಸಂಘಗಳು ಮತ್ತು ಕಾಲೇಜುಗಳು ತಲಾ ಒಂದು ಉದ್ದದ ಜೂಮ್, ಒಂದು ಮ್ಯಾಕ್ರೊ, ಒಂದು ವೈಡ್ ಲೆನ್ಸನ್ನು ಸಾಮೂಹಿಕವಾಗಿ ಕೊಂಡು, ಗ್ರಂಥಾಲಯದ ಪುಸ್ತಕದಂತೆ ಸದಸ್ಯರಿಗೆ ಸರದಿಯಲ್ಲಿ ಕೊಡುವಂತಾದರೆ, ವರ್ಷಕ್ಕೆ ಕೆಲವೇ ದಿನ ಬಳಸುವ ಲೆನ್ಸಿಗಾಗಿ ಯಾರೂ ಒಬ್ಬರೇ ಸಾಲ ಮಾಡಬೇಕಾಗುವುದಿಲ್ಲ. ಈ ವಿಚಾರವನ್ನು ತಮ್ಮ ಜಿಲ್ಲಾ ಪುಟಗಳಲ್ಲಿ ಚರ್ಚೆಗೆ ತರಬೇಕೆಂದು ವಿನಂತಿಸುತ್ತೇನೆ. ಎರಡನೆಯದು ತಮ್ಮ ಪತ್ರಿಕೆಯೇ ಮಾಡಬಹುದಾದದ್ದು. ಓದುಗರು ಕಳಿಸುವ ಚಿತ್ರಗಳನ್ನು ಪ್ರಕಟಿಸುವಾಗ ಅವರ ಹೆಸರು, ಊರಿನ ಜೊತೆಗೆ ಬಳಸಿದ ಲೆನ್ಸ್, ಅಪರ್ಚರ್, ಷಟರ್ ವೇಗಗಳನ್ನು ಒಂದು ಸಾಲಿನಲ್ಲಿ ಕೊಡಿ. ಮೆಚ್ಚಿದ ಚಿತ್ರದ ಕೆಳಗೆ 18-55 ಎಂದೋ 50 ಮಿ.ಮೀ. ಎಂದೋ ಇರುವುದನ್ನು ವಾರವಾರವೂ ಕಂಡರೆ, ನಮ್ಮ ಹುಡುಗ ಹುಡುಗಿಯರು ಕೈಯಲ್ಲಿರುವ ಲೆನ್ಸನ್ನೇ ಹಿಡಿದು ಧೈರ್ಯವಾಗಿ ಹೊರಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಛಾಯಾಗ್ರಾಹಕ,
ಶಿವಮೊಗ್ಗ